ಪರದೆಯ ಮೇಲಣ ಪಂಕ್ತಿ

ಗಣಕಯಂತ್ರದ ಮುಂದೆ ಕುಳಿತು ಬರೆಹವನ್ನೋ ಭಾಷಾಂತರವನ್ನೋ ಲೆಕ್ಕಪತ್ರವನ್ನೋ ಪ್ರೋಗ್ರಾಮಿನ ರಚನೆಯನ್ನೋ ವೃತ್ತಿಯಾಗಿ ನಡೆಸುವವರು, ಮುಖ್ಯ ಕಾರ್ಯಕ್ಕೆ ಕೈಹಾಕುವುದಕ್ಕೆ ಮೊದಲು, ಯಾರೂ ಕೂಲಿ ಕೊಡದ, ಯಾರೂ ಲೆಕ್ಕವಿಡದ ಒಂದು ಸಣ್ಣ ಪರಿಚರ್ಯೆಯನ್ನು ಪ್ರತಿದಿನವೂ ಮಾಡಿ ಮುಗಿಸಬೇಕಾಗುತ್ತದೆ: ಬ್ರೌಸರಿನ ವಿಂಡೋವನ್ನು ಬಲಕ್ಕೆ ಎಳೆದು, ಬರೆಯುವ ತಂತ್ರಾಂಶದ ವಿಂಡೋವನ್ನು ಎಡಕ್ಕೆ ಸರಿಸಿ, ಒಂದರ ಅಂಚು ಮತ್ತೊಂದರ ಮೇಲೆ ಬೀಳದಂತೆ ಮೂಲೆ ಹಿಡಿದು ಜಗ್ಗಿ, ಇಮೇಲಿನ ವಿಂಡೋವನ್ನು ಕಣ್ಣಿಗೆ ಬೀಳದ ಹಾಗೆ ಬೇರೊಂದು ವರ್ಕ್‌ಸ್ಪೇಸಿಗೆ ಕಳುಹಿಸಿ, ಟರ್ಮಿನಲನ್ನು ಕೆಳಗಡೆ ಕೂರಿಸುವುದು. ಒಮ್ಮೆಗೆ ಅದು ಅರ್ಧ ನಿಮಿಷದ ಕೆಲಸವೇ ಇರಬಹುದು. ಆದರೆ ಯಂತ್ರವನ್ನು ಆರಿಸಿ ಹೊತ್ತಿಸಿದಾಗ, ಲ್ಯಾಪ್‌ಟಾಪನ್ನು ಹೊರಗಿನ ಮಾನಿಟರಿನಿಂದ ಬಿಡಿಸಿ ಮತ್ತೆ ಜೋಡಿಸಿದಾಗ, ತಂತ್ರಾಂಶವೊಂದು ತಾನಾಗಿ ಮುಚ್ಚಿ ತೆರೆದಾಗ, ಆ ಏರ್ಪಾಡೆಲ್ಲ ಅಳಿದುಹೋಗಿ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಒಂದು ಸಲ ಹೇಳಿದರೆ ಎಂದೆಂದಿಗೂ ಮರೆಯದಿರುವ ಶಕ್ತಿ ಯಾವ ಯಂತ್ರಕ್ಕೆ ಇದೆಯೋ ಅದರ ಎದುರಿಗೆ ಕುಳಿತು ಮನುಷ್ಯನು ಅದೇ ಚಾಕರಿಯನ್ನು ದಿನದಿನವೂ ಕೈಯಾರೆ ಮಾಡುವುದು ನ್ಯಾಯವಲ್ಲ. ಲಿನಕ್ಸ್ ಬಳಸತಕ್ಕವರಿಗೆ ಈ ಭಾರವನ್ನು ಯಂತ್ರಕ್ಕೇ ಒಪ್ಪಿಸುವ ಮಾರ್ಗಗಳು ಬಹುಕಾಲದಿಂದ ಉಂಟು. ಅವುಗಳ ಪರಿಚಯ ಮಾತ್ರ ನಮ್ಮಲ್ಲಿ ಸಾಲದಾಗಿದೆ.

ಇದು ಸೋಮಾರಿಗಳ ಚಿಂತೆಯೆಂದು ತಳ್ಳಿಹಾಕುವಂತಿಲ್ಲ. ಜೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಆಸ್ಟಿನ್ ಹೆಂಡರ್ಸನ್ ಮತ್ತು ಸ್ಟೂವರ್ಟ್ ಕಾರ್ಡ್ ಎಂಬ ಇಬ್ಬರು ವಿದ್ವಾಂಸರು ಈ ಪ್ರಶ್ನೆಯನ್ನೇ ಹಿಡಿದು ವಿಚಾರ ಮಾಡಿ 1986ರಲ್ಲಿ ‘ರೂಮ್ಸ್’ ಎಂಬ ವ್ಯವಸ್ಥೆಯನ್ನು ಕುರಿತು ಪ್ರಬಂಧವನ್ನು ಪ್ರಕಟಿಸಿದರು. ಮನುಷ್ಯನು ಒಂದು ಕಾರ್ಯದಲ್ಲಿ ತೊಡಗಿದಾಗ ಆ ಕಾರ್ಯಕ್ಕೆ ಬೇಕಾದ ಕೆಲವು ವಿಂಡೋಗಳನ್ನು ಗುಂಪಾಗಿ ಬಳಸುತ್ತಾನೆ. ಇನ್ನೊಂದು ಕಾರ್ಯಕ್ಕೆ ತಿರುಗಿದೊಡನೆ ಆ ಗುಂಪು ಹೋಗಿ ಮತ್ತೊಂದು ಗುಂಪು ಮುಂದೆ ಬರಬೇಕಾಗುತ್ತದೆ. ಪರದೆಯ ವಿಸ್ತೀರ್ಣ ಕಿರಿದಾದಕಾರಣ ಈ ಅದಲುಬದಲಿನಲ್ಲಿಯೇ ಅವನ ಶ್ರಮ ವ್ಯಯವಾಗುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. ಸಾಲದ ಸ್ಮರಣಕೋಶವುಳ್ಳ ಯಂತ್ರವು ಪುಟಗಳನ್ನು ಡಿಸ್ಕಿನಿಂದ ತರುತ್ತ ಡಿಸ್ಕಿಗೆ ಒಯ್ಯುತ್ತ ಅದರಲ್ಲಿಯೇ ಕಾಲ ಕಳೆಯುವ ಸ್ಥಿತಿಗೆ ಇದು ಸಮಾನವೆಂದು ಅವರು ಭಾವಿಸಿ, ಒಂದೊಂದು ಕಾರ್ಯಕ್ಕೆ ಒಂದೊಂದು ಕೋಣೆಯೆಂಬಂತೆ ಪರದೆಯನ್ನೇ ಹಲವಾಗಿಸುವ ಉಪಾಯವನ್ನು ಸೂಚಿಸಿದರು. ಇಂದು ಪ್ರತಿಯೊಂದು ಲಿನಕ್ಸ್ ಡೆಸ್ಕ್‌ಟಾಪಿನಲ್ಲಿಯೂ ಇರುವ ವರ್ಕ್‌ಸ್ಪೇಸುಗಳ ಹಿಂದೆ ಇಂಥ ಆಲೋಚನೆ ಇದೆ. ಕೋಣೆಗಳೇನೋ ದೊರೆತವು. ಯಾವ ವಸ್ತು ಯಾವ ಕೋಣೆಗೆ ಹೋಗಬೇಕೆಂಬುದನ್ನು ಗೊತ್ತುಪಡಿಸುವವರು ಯಾರು ಎಂಬ ಪ್ರಶ್ನೆ ಉಳಿಯಿತು.

ಆ ಪ್ರಶ್ನೆಗೆ ಉತ್ತರ ದೊರೆತದ್ದು ಮತ್ತೊಂದು ಕಡೆಯಲ್ಲಿ. 1984ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ರಾಬರ್ಟ್ ಶೈಫ್ಲರ್ ಮತ್ತು ಜಿಮ್ ಗೆಟಿಸ್, ಸ್ಟ್ಯಾನ್‌ಫರ್ಡಿನಲ್ಲಿ ಹುಟ್ಟಿದ್ದ ‘ಡಬ್ಲ್ಯೂ’ ಎಂಬ ವ್ಯವಸ್ಥೆಯನ್ನು ಆಧಾರವಾಗಿಟ್ಟುಕೊಂಡು, ‘ಎಕ್ಸ್’ ಎಂಬ ವಿಂಡೋ ವ್ಯವಸ್ಥೆಯನ್ನು ಕಟ್ಟಲಾರಂಭಿಸಿದರು. ಬಗೆಬಗೆಯ ತಯಾರಕರ ಯಂತ್ರಗಳನ್ನು ಒಂದೇ ಜಾಲದಲ್ಲಿ ಹೆಣೆದು ವಿದ್ಯಾರ್ಥಿಗಳಿಗೆ ಒದಗಿಸುವ ‘ಅಥೀನಾ’ ಯೋಜನೆಗೆ ಇಂಥದೊಂದು ವ್ಯವಸ್ಥೆ ಅಗತ್ಯವಾಗಿತ್ತು. 1987ರ ಸೆಪ್ಟೆಂಬರಿನಲ್ಲಿ ಹೊರಬಂದ ಅದರ ಹನ್ನೊಂದನೆಯ ಆವೃತ್ತಿಯೇ ಮುಂದೆ ಲಿನಕ್ಸಿನ ಮೇಲೆ ನೆಲೆಸಿ ಮೂರು ದಶಕಗಳಿಗೂ ಹೆಚ್ಚು ಕಾಲ ನಮ್ಮ ಪರದೆಗಳನ್ನು ಆಳಿದ್ದು. ಆ ನಿರ್ಮಾತೃಗಳು ಅನುಸರಿಸಿದ ಒಂದು ಮೂಲತತ್ತ್ವವಿತ್ತು: ವ್ಯವಸ್ಥೆಯು ಸಾಧನವನ್ನು ಒದಗಿಸಬೇಕು, ನೀತಿಯನ್ನು ವಿಧಿಸಕೂಡದು. ಚೌಕವನ್ನು ಬರೆ, ಅಕ್ಷರವನ್ನು ತೋರು, ಕೀಲಿಯ ಒತ್ತನ್ನು ತಿಳಿಸು ಎಂಬವೆಲ್ಲ ಎಕ್ಸ್ ಸರ್ವರಿನ ಹೊಣೆ. ಯಾವ ವಿಂಡೋ ಎಲ್ಲಿ ಕೂರಬೇಕು, ಅದಕ್ಕೆ ಎಂಥ ಚೌಕಟ್ಟಿರಬೇಕು, ಯಾವುದು ಮೇಲೆ ಯಾವುದು ಕೆಳಗೆ ಎಂಬ ನಿರ್ಣಯವೆಲ್ಲ ಸರ್ವರಿನ ಹೊರಗಿರುವ, ಉಳಿದವುಗಳಂತೆಯೇ ಸಾಮಾನ್ಯವಾದ ಒಂದು ಪ್ರೋಗ್ರಾಮಿಗೆ ಸೇರಿದ್ದು. ಅದೇ ವಿಂಡೋ ಮ್ಯಾನೇಜರ್. ಬೇಡವೆನಿಸಿದರೆ ಅದನ್ನು ತೆಗೆದು ಬೇರೊಂದನ್ನು ಇಟ್ಟುಕೊಳ್ಳಬಹುದು; ಬೇಕೆನಿಸಿದರೆ ನಾವೇ ಒಂದನ್ನು ಬರೆದುಕೊಳ್ಳಬಹುದು.

ಇದರ ನಡವಳಿಕೆಯನ್ನು ಮದುವೆಮನೆಯ ಊಟದ ಪಂಕ್ತಿಗೆ ಹೋಲಿಸಿದರೆ ವಿಷಯ ಸ್ಪಷ್ಟವಾಗುತ್ತದೆ. ಬಂದ ಅತಿಥಿ ತನಗೆ ಇಷ್ಟವಾದ ಎಲೆಯ ಮುಂದೆ ತಾನಾಗಿ ಹೋಗಿ ಕೂರುವುದಿಲ್ಲ. ಬಾಗಿಲಲ್ಲಿ ನಿಂತ ಯಜಮಾನರು ಅವನನ್ನು ಎದುರುಗೊಂಡು, ಇವರು ಇಂಥವರು, ಇಲ್ಲಿ ಕೂರತಕ್ಕವರು ಎಂದು ನೋಡಿ ಕೈಹಿಡಿದು ಕೂರಿಸುತ್ತಾರೆ. ಎಕ್ಸ್ ವ್ಯವಸ್ಥೆಯಲ್ಲಿ ಯಾವುದೇ ತಂತ್ರಾಂಶ ತನ್ನ ವಿಂಡೋವನ್ನು ಪರದೆಯ ಮೇಲೆ ತೋರಿಸಬೇಕೆಂದು ಬೇಡಿದಾಗ ಸರ್ವರು ಅದನ್ನು ಒಡನೆಯೇ ತೋರಿಸಿಬಿಡದೆ, ಆ ಬೇಡಿಕೆಯನ್ನು ವಿಂಡೋ ಮ್ಯಾನೇಜರಿನ ಕಡೆಗೆ ತಿರುಗಿಸುತ್ತದೆ. ಸ್ಥಳ ಬದಲಿಸುವ, ಗಾತ್ರ ಬದಲಿಸುವ ಬೇಡಿಕೆಗಳಿಗೂ ಇದೇ ಗತಿ. ಹೀಗೆ ಬೇಡಿಕೆಗಳನ್ನು ತಿರುಗಿಸಿಕೊಳ್ಳುವ ಹಕ್ಕನ್ನು ಒಂದು ಸಮಯದಲ್ಲಿ ಒಂದೇ ಒಂದು ಪ್ರೋಗ್ರಾಮು ಹೊಂದಿರಬಹುದು. ಒಂದು ಪಂಕ್ತಿಗೆ ಇಬ್ಬರು ಯಜಮಾನರಿರುವಂತಿಲ್ಲ.

ಅತಿಥಿಗೂ ಯಜಮಾನನಿಗೂ ನಡುವೆ ಮಾತುಕತೆಯ ಒಂದು ಮರ್ಯಾದೆ ಇರಬೇಕಷ್ಟೆ. ಆ ಮರ್ಯಾದೆಯ ಸಂಹಿತೆಯನ್ನು ಮೊದಲು ಬರೆದವರು ಡೇವಿಡ್ ರೋಸೆಂತಾಲ್. ಐಸಿಸಿಸಿಎಂ ಎಂಬ ಸಂಕ್ಷೇಪನಾಮದಿಂದ ಪ್ರಸಿದ್ಧವಾದ ಆ ಗ್ರಂಥವನ್ನು ಓದುವುದು ಸುಲಭವಲ್ಲ. ಆದರೆ ಅದರಲ್ಲಿ ಅಡಗಿರುವ ಒಂದು ಸಣ್ಣ ವಿಧಿಯನ್ನು ಕಂಡಾಗಲೆಲ್ಲ ನನಗೆ ಅದನ್ನು ಬರೆದವರ ವಿವೇಕದ ಮೇಲೆ ಗೌರವ ಹುಟ್ಟುತ್ತದೆ. ವಿಂಡೋವೊಂದು ‘ನನಗೆ ಇಂಥ ಸ್ಥಳ ಬೇಕು’ ಎಂದು ಕೇಳುವಾಗ, ಆ ಸ್ಥಳವನ್ನು ಸೂಚಿಸಿದವನು ಬಳಕೆದಾರನೋ ಅಥವಾ ಪ್ರೋಗ್ರಾಮೇ ತನ್ನಷ್ಟಕ್ಕೆ ಆರಿಸಿಕೊಂಡದ್ದೋ ಎಂಬುದನ್ನು ಬೇರೆ ಬೇರೆ ಗುರುತುಗಳಿಂದ ತಿಳಿಸಬೇಕು ಎಂಬುದೇ ಆ ವಿಧಿ. ಎಕ್ಸ್‌ಟರ್ಮ್ ಎಂಬ ಟರ್ಮಿನಲಿಗೆ ಎಂಬತ್ತು ಅಂಕಣ, ಇಪ್ಪತ್ತನಾಲ್ಕು ಸಾಲು, ಬಲದ ಅಂಚಿಗೆ ಒತ್ತಿಕೊಂಡಿರಲಿ ಎಂದು ಆಜ್ಞಾಸಾಲಿನಲ್ಲಿ ಬರೆದು ತೆರೆದವನ ಇಚ್ಛೆಗೂ, ತಂತ್ರಾಂಶವೊಂದು ಸ್ವಂತ ಚಪಲದಿಂದ ನಡುಪರದೆಯನ್ನು ಬಯಸಿದ್ದಕ್ಕೂ ಒಂದೇ ತೂಕ ಸಲ್ಲದು. ಮೊದಲನೆಯದನ್ನು ಮನ್ನಿಸಬೇಕು, ಎರಡನೆಯದನ್ನು ಮನ್ನಿಸಬಹುದು. ಪರದೆ ಬಳಕೆದಾರನದು ಎಂಬ ನ್ಯಾಯವನ್ನು ಅಷ್ಟು ಹಿಂದೆಯೇ ಒಂದು ಬಿಟ್ಟಿನ ಅಳತೆಯಲ್ಲಿ ಬರೆದಿಟ್ಟಿದ್ದಾರೆ. ನಾನು ಈ ಲೇಖನದಲ್ಲಿ ಹೇಳಬಯಸುವ ಮಾತೂ ಇದೇ: ಯಾವ ವಿಂಡೋ ಎಲ್ಲಿರಬೇಕೆಂದು ನಿಯಮ ಬರೆಯುವ ಅಧಿಕಾರ ಬಳಸುವವನದು, ಸ್ಕ್ರಿಪ್ಟು ಆ ಅಧಿಕಾರದ ಲಿಖಿತರೂಪ.

ಹೊಸ ಶತಮಾನದ ಹೊಸ್ತಿಲಲ್ಲಿ, ಗ್ನೋಮ್ ಮತ್ತು ಕೆಡಿಇ ಎಂಬ ಎರಡು ಡೆಸ್ಕ್‌ಟಾಪುಗಳು ಬೆಳೆಯುತ್ತಿದ್ದ ಕಾಲದಲ್ಲಿ, ಹಳೆಯ ಸಂಹಿತೆ ಸಾಲದಾಗಿ, ಫ್ರೀಡೆಸ್ಕ್‌ಟಾಪ್ ಎಂಬ ಸಾಮಾನ್ಯ ವೇದಿಕೆಯ ಮೂಲಕ ಇಡಬ್ಲ್ಯೂಎಂಎಚ್ ಎಂಬ ವಿಸ್ತೃತ ಒಡಂಬಡಿಕೆ ರೂಪುಗೊಂಡಿತು. ಈಗ ತೆರೆದಿರುವ ವಿಂಡೋಗಳ ಪಟ್ಟಿ ಯಾವುದು, ಯಾವುದು ಮುಂದಿದೆ, ಪ್ರತಿಯೊಂದೂ ಯಾವ ವರ್ಕ್‌ಸ್ಪೇಸಿನಲ್ಲಿದೆ, ಅದು ಪರದೆ ತುಂಬಿದೆಯೇ, ಅದು ಮುಖ್ಯ ವಿಂಡೋವೋ ಅಥವಾ ಕಡತ ಆರಿಸಲು ಬಂದ ಸಣ್ಣ ಸಂವಾದಪೆಟ್ಟಿಗೆಯೋ ಎಂಬ ವಿವರಗಳೆಲ್ಲ ಯಾರು ಬೇಕಾದರೂ ಓದಬಹುದಾದ ರೀತಿಯಲ್ಲಿ ಬರೆಯಲ್ಪಡಬೇಕೆಂದು ಗೊತ್ತಾಯಿತು. ಸ್ಕ್ರಿಪ್ಟುಗಳಿಗೆ ಇದರಿಂದಲೇ ಜೀವ ಬಂದದ್ದು. ಯಜಮಾನ ಯಾರೇ ಇರಲಿ, ಆತನೊಡನೆ ಆಡುವ ಭಾಷೆ ಒಂದೇ ಆಯಿತು.

ಈಗ ಹತ್ತಿರದಿಂದ ನೋಡೋಣ. ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳನ್ನು ಮುಂದಿಟ್ಟುಕೊಂಡು ಅಕ್ಷರ ಜೋಡಿಸಿ ಯೂನಿಕೋಡಿಗೆ ತರುವ ಸೇವೆಯನ್ನು ಎಷ್ಟೋ ಮಂದಿ ಸದ್ದಿಲ್ಲದೆ ಮಾಡುತ್ತಿದ್ದಾರೆ. ಅವರ ಪರದೆಯ ಮೇಲೆ ಮೂರು ವಿಂಡೋಗಳು ಬೇಕು: ಎಡಕ್ಕೆ ಒಕ್ಯುಲರಿನಲ್ಲಿ ತೆರೆದ ಪುಸ್ತಕದ ಪುಟ, ಬಲಕ್ಕೆ ಲಿಬ್ರೆಆಫೀಸ್ ರೈಟರ್, ಮತ್ತೊಂದು ವರ್ಕ್‌ಸ್ಪೇಸಿನಲ್ಲಿ ನಿಘಂಟು ನೋಡಲು ಫೈರ್‌ಫಾಕ್ಸ್. ಇದನ್ನು ನಿಯಮವಾಗಿ ಬರೆಯಬೇಕಾದರೆ ಮೊದಲು ಮಾಡಬೇಕಾದದ್ದು ಪ್ರತಿಯೊಂದು ವಿಂಡೋವಿನ ಗುರುತನ್ನು ತಿಳಿಯುವುದು. ಟರ್ಮಿನಲಿನಲ್ಲಿ ಎಕ್ಸ್‌ಪ್ರಾಪ್ ಎಂಬ ಆಜ್ಞೆಯನ್ನು ಕೊಟ್ಟರೆ ಮೌಸಿನ ಬಾಣ ಕೂಡುಗೆರೆಯ ಆಕಾರ ತಾಳುತ್ತದೆ. ಬೇಕಾದ ವಿಂಡೋವಿನ ಮೇಲೆ ಒಮ್ಮೆ ಒತ್ತಿದರೆ ಅದರ ಗುಣಲಕ್ಷಣಗಳೆಲ್ಲ ಸಾಲುಸಾಲಾಗಿ ಇಳಿಯುತ್ತವೆ. ಅವುಗಳಲ್ಲಿ ನಾವು ಹುಡುಕತಕ್ಕದ್ದು ಡಬ್ಲ್ಯೂಎಂ ಕ್ಲಾಸ್ ಎಂಬ ಸಾಲನ್ನು. ಅಲ್ಲಿ ಎರಡು ಹೆಸರುಗಳಿರುತ್ತವೆ, ಮೊದಲನೆಯದು ಆ ವಿಂಡೋವಿನದು, ಎರಡನೆಯದು ಅದರ ವರ್ಗದ್ದು: ರೈಟರಿಗೆ ‘ಲಿಬ್ರೆಆಫೀಸ್’, ‘ಲಿಬ್ರೆಆಫೀಸ್-ರೈಟರ್’, ಫೈರ್‌ಫಾಕ್ಸಿಗೆ ‘ನ್ಯಾವಿಗೇಟರ್’, ‘ಫೈರ್‌ಫಾಕ್ಸ್’. ಶೀರ್ಷಿಕೆ ಕ್ಷಣಕ್ಷಣಕ್ಕೂ ಬದಲಾಗಬಹುದು. ವರ್ಗದ ಹೆಸರು ಸಾಮಾನ್ಯವಾಗಿ ಬದಲಾಗುವುದಿಲ್ಲ. ನಿಯಮವನ್ನು ಕಟ್ಟಬೇಕಾದದ್ದು ಈ ವರ್ಗದ ಹೆಸರಿನ ಮೇಲೆಯೇ.

ಗುರುತು ತಿಳಿದ ಮೇಲೆ ಆಜ್ಞೆ. ತೊಮಾಶ್ ಸ್ತಿಬ್ಲೊ ಬರೆದ ಡಬ್ಲ್ಯೂಎಂಕಂಟ್ರೋಲ್ ಎಂಬ ಪುಟ್ಟ ಉಪಕರಣವು ತೆರೆದ ವಿಂಡೋಗಳನ್ನೆಲ್ಲ ಪಟ್ಟಿಮಾಡುತ್ತದೆ, ಹೇಳಿದ ವಿಂಡೋವನ್ನು ಮುಂದಕ್ಕೆ ತರುತ್ತದೆ, ಹೇಳಿದ ವರ್ಕ್‌ಸ್ಪೇಸಿಗೆ ಒಯ್ಯುತ್ತದೆ, ಅಡ್ಡ ದೂರ, ಲಂಬ ದೂರ, ಅಗಲ, ಎತ್ತರಗಳನ್ನು ಸಂಖ್ಯೆಗಳಲ್ಲಿ ಕೊಟ್ಟರೆ ಅಲ್ಲಿಯೇ ಕೂರಿಸುತ್ತದೆ. ಜೋರ್ಡನ್ ಸಿಸೆಲ್ ಬರೆದ ಎಕ್ಸ್‌ಡೂಟೂಲ್ ಇದನ್ನೂ ಮಾಡುತ್ತದೆ, ಕೀಲಿಮಣೆಯನ್ನೂ ಮೌಸನ್ನೂ ತಾನೇ ಒತ್ತಿದಂತೆ ನಟಿಸುತ್ತದೆ. ಈ ಎರಡನ್ನು ಶೆಲ್ ಸ್ಕ್ರಿಪ್ಟಿನಲ್ಲಿ ಪೋಣಿಸಿ, ಬೆಳಗ್ಗೆ ಒಂದು ಕೀಲಿ ಒತ್ತಿದರೆ ಮೂರು ತಂತ್ರಾಂಶಗಳೂ ತೆರೆದು ತಮ್ಮ ತಮ್ಮ ಜಾಗದಲ್ಲಿ ಕೂರುವಂತೆ ಮಾಡುವುದು ಹೆಚ್ಚಿನವರು ಮೊದಲು ಹಿಡಿಯುವ ದಾರಿ. ಆದರೆ ಅಲ್ಲಿ ಒಂದು ತೊಡಕು ಎದುರಾಗುತ್ತದೆ. ತಂತ್ರಾಂಶವನ್ನು ಆರಂಭಿಸುವುದಕ್ಕೂ ಅದರ ವಿಂಡೋ ಪರದೆಯ ಮೇಲೆ ಮೂಡುವುದಕ್ಕೂ ನಡುವೆ ಕಾಲಾವಕಾಶವಿದೆ. ರೈಟರು ಏಳುವುದಕ್ಕೆ ಇಂದು ಎರಡು ಸೆಕೆಂಡು ಹಿಡಿದರೆ ನಾಳೆ ಏಳು ಸೆಕೆಂಡು ಹಿಡಿದೀತು. ‘ಐದು ಸೆಕೆಂಡು ಕಾದು ಆಮೇಲೆ ಸರಿಸು’ ಎಂದು ಬರೆದ ಸ್ಕ್ರಿಪ್ಟು ಒಮ್ಮೆ ಗೆದ್ದು ಒಮ್ಮೆ ಸೋಲುತ್ತದೆ, ಏಕೆ ಸೋತಿತೆಂಬುದು ಬರೆದವನಿಗೂ ತಿಳಿಯದೆ ಹೋಗುತ್ತದೆ. ಎಕ್ಸ್‌ಡೂಟೂಲಿನ ಹುಡುಕಾಟಕ್ಕೆ ‘ಸಿಂಕ್’ ಎಂಬ ಸೂಚನೆಯನ್ನು ಸೇರಿಸಿದರೆ, ವಿಂಡೋ ಕಾಣಿಸುವವರೆಗೂ ಅದು ಕಾಯುತ್ತದೆ. ಇಷ್ಟರಿಂದ ತೊಂದರೆ ಅರ್ಧ ಪರಿಹಾರವಾದೀತು.

ಪೂರ್ಣ ಪರಿಹಾರ ಬೇಕಾದರೆ ದೃಷ್ಟಿಯೇ ಬದಲಾಗಬೇಕು. ‘ತೆರೆ, ಕಾಯ್, ಸರಿಸು’ ಎಂಬ ಆಜ್ಞಾಸರಣಿಯನ್ನು ಬಿಟ್ಟು, ‘ಇಂಥ ವಿಂಡೋ ಯಾವಾಗ ಬಂದರೂ ಇಂಥಲ್ಲಿ ಕೂರಲಿ’ ಎಂಬ ವಿಧಿಯನ್ನು ಬರೆದಿಡಬೇಕು. ಈ ಪದ್ಧತಿಗೆ ಒಂದು ಪರಂಪರೆಯೇ ಇದೆ. ಜಾನ್ ಹಾರ್ಪರ್ ರಚಿಸಿದ ಸಾಫಿಷ್ ಎಂಬ ವಿಂಡೋ ಮ್ಯಾನೇಜರು ಲಿಸ್ಪ್ ಭಾಷೆಯಲ್ಲಿ ಬರೆದ ನಿಯಮಗಳಿಂದ ನಡೆಯುತ್ತಿತ್ತು. ಹೊಂದುವ ಲಕ್ಷಣಗಳುಳ್ಳ ವಿಂಡೋಗಳಿಗೆ ತಾನಾಗಿ ಅನ್ವಯಿಸುವ ವಿಧಿಗಳನ್ನು ಅದರಲ್ಲಿ ಬರೆಯಬಹುದಾಗಿತ್ತು. ಗ್ನೋಮ್ ಡೆಸ್ಕ್‌ಟಾಪು ಅದನ್ನು ಬಿಟ್ಟು, ಆಯ್ಕೆಗಳನ್ನು ಬೇಕೆಂದೇ ಕಡಮೆ ಮಾಡಿದ ಮೆಟಾಸಿಟಿಯನ್ನು ಸ್ವೀಕರಿಸಿದಾಗ ಆ ಸೌಕರ್ಯ ಕಳೆದುಹೋಯಿತು. ರಾಸ್ ಬರ್ಟನ್ ಅದರ ನೆನಪಿನಲ್ಲಿ ಡೆವಿಲ್ಸ್ ಪೈ ಎಂಬ ಸ್ವತಂತ್ರ ಉಪಕರಣವನ್ನು ರಚಿಸಿದರು. ಅದರ ಮಾದರಿಯಲ್ಲಿ, ಆದರೆ ಲುವಾ ಭಾಷೆಯ ನಿಯಮಗಳೊಡನೆ, ಡೆವಿಲ್ಸ್‌ಪೈ 2 ಬಂದಿತು. ಯಜಮಾನನ ಪಕ್ಕದಲ್ಲಿ ನಿಂತು ಕಿವಿಯಲ್ಲಿ ಸಲಹೆ ಹೇಳುವ ಕಾರ್ಯಸ್ಥನ ಪಾತ್ರ ಅದರದು. ಹೊಸ ವಿಂಡೋ ಮೂಡಿದ ಸುದ್ದಿ ಬಂದೊಡನೆ ಅದು ನಾವು ಬರೆದಿಟ್ಟ ಲುವಾ ಕಡತಗಳನ್ನು ಆ ವಿಂಡೋವಿನ ಮಟ್ಟಿಗೆ ನಡೆಸುತ್ತದೆ.

ನಮ್ಮ ಅಕ್ಷರಸೇವಕರ ನಿಯಮವನ್ನು ಅದರಲ್ಲಿ ಬರೆದರೆ ಹೀಗಾಗುತ್ತದೆ. ವಿಂಡೋವಿನ ವರ್ಗ ‘ಒಕ್ಯುಲರ್’ ಆಗಿದ್ದು, ಅದರ ಬಗೆ ‘ಸಾಮಾನ್ಯ ವಿಂಡೋ’ ಎಂದಿದ್ದರೆ, ಅದನ್ನು ಒಂದನೆಯ ವರ್ಕ್‌ಸ್ಪೇಸಿಗೆ ಕಳುಹಿಸಿ, ಅಡ್ಡ 0, ಲಂಬ 0, ಅಗಲ 960, ಎತ್ತರ 1040 ಎಂದು ಕೂರಿಸು. ವರ್ಗ ‘ಲಿಬ್ರೆಆಫೀಸ್-ರೈಟರ್’ ಆಗಿದ್ದರೆ ಅದೇ ವರ್ಕ್‌ಸ್ಪೇಸಿನಲ್ಲಿ ಅಡ್ಡ 960ರಿಂದ ಆರಂಭಿಸಿ ಅದೇ ಅಳತೆ. ವರ್ಗ ‘ಫೈರ್‌ಫಾಕ್ಸ್’ ಆಗಿದ್ದರೆ ಎರಡನೆಯ ವರ್ಕ್‌ಸ್ಪೇಸು, ಪರದೆ ತುಂಬ. 1920ಕ್ಕೆ 1080 ಪಿಕ್ಸೆಲಿನ ಪರದೆಯಲ್ಲಿ ಅಡಿಯ ಪಟ್ಟಿಗೆ 40 ಬಿಟ್ಟು ಮಾಡಿದ ಲೆಕ್ಕ ಇದು. ‘ಸಾಮಾನ್ಯ ವಿಂಡೋ’ ಎಂಬ ಷರತ್ತನ್ನು ಮರೆಯುವಂತಿಲ್ಲ. ಮರೆತರೆ ಕಡತ ತೆರೆಯುವ, ಮುದ್ರಿಸುವ, ‘ಉಳಿಸಬೇಕೆ?’ ಎಂದು ಕೇಳುವ ಸಣ್ಣ ಪೆಟ್ಟಿಗೆಗಳೂ ಅದೇ ವರ್ಗದವಾದ್ದರಿಂದ ಅರ್ಧ ಪರದೆಯನ್ನು ವ್ಯಾಪಿಸಿ ನಿಲ್ಲುತ್ತವೆ. ಇನ್ನೊಂದು ಎಚ್ಚರ: ಡೆವಿಲ್ಸ್‌ಪೈ 2 ವರ್ಕ್‌ಸ್ಪೇಸುಗಳನ್ನು ಒಂದರಿಂದ ಎಣಿಸುತ್ತದೆ, ಡಬ್ಲ್ಯೂಎಂಕಂಟ್ರೋಲ್ ಸೊನ್ನೆಯಿಂದ. ಎರಡನ್ನೂ ಕೂಡಿಸಿ ಬಳಸುವವರು ಇದನ್ನು ನೆನಪಿನಲ್ಲಿಡಬೇಕು.

ವರ್ಗದ ಹೆಸರೊಂದರಿಂದಲೇ ಕೆಲಸ ಸಾಗದ ಪ್ರಸಂಗಗಳೂ ಉಂಟು. ಎರಡು ರೈಟರ್ ವಿಂಡೋಗಳಲ್ಲಿ ಒಂದು ಮೂಲಪಠ್ಯದ್ದು, ಇನ್ನೊಂದು ಟಿಪ್ಪಣಿಯದು ಎಂದಾದರೆ, ಅವನ್ನು ಬೇರ್ಪಡಿಸಲು ಶೀರ್ಷಿಕೆಯನ್ನೇ ನೋಡಬೇಕು. ಕನ್ನಡದಲ್ಲಿ ಕಡತಗಳಿಗೆ ಹೆಸರಿಡುವವರಿಗೆ ಇಲ್ಲಿ ವಿಶೇಷವಾದ ಒಂದು ಕ್ಲೇಶ ಕಾದಿದೆ; ಅದನ್ನು ಕೊಂಚ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಇಂಗ್ಲಿಷಿನಲ್ಲಿ ಹೆಸರಿಡುವವರು ಬರೆದ ಕೈಪಿಡಿಗಳಲ್ಲಿ ಇದರ ಸುಳಿವು ಸಿಕ್ಕುವುದು ದುರ್ಲಭ. ಹಳೆಯ ಸಂಹಿತೆಯ ಪ್ರಕಾರ ವಿಂಡೋವಿನ ಹೆಸರು ಸಾಮಾನ್ಯವಾಗಿ ಪಶ್ಚಿಮ ಯುರೋಪಿನ ಲಿಪಿಗೆ ಸಾಕಾಗುವ ಸಂಕೇತಗಳಲ್ಲಿ ಇರುತ್ತಿತ್ತು. ಕನ್ನಡಕ್ಕೆ ಅಲ್ಲಿ ಸ್ಥಾನವಿರಲಿಲ್ಲ. ಹೊಸ ಒಡಂಬಡಿಕೆ ಬಂದು ಶೀರ್ಷಿಕೆಗಳು ಯುಟಿಎಫ್-8ರಲ್ಲಿರಬೇಕೆಂದು ವಿಧಿಸಿದ ಮೇಲೆ ‘ಶಬ್ದಕೋಶ’ ಎಂದು ಹೆಸರಿಟ್ಟ ಕಡತದ ಹೆಸರು ಶೀರ್ಷಿಕೆಯಲ್ಲಿಯೂ, ಪಟ್ಟಿಯಲ್ಲಿಯೂ ಶುದ್ಧವಾಗಿ ಕಾಣುವಂತಾಯಿತು. ಆದರೆ ಕಾಣುವುದು ಬೇರೆ, ಹೋಲುವುದು ಬೇರೆ. ‘ಕೋ’ ಎಂಬ ಅಕ್ಷರವನ್ನು ಯೂನಿಕೋಡಿನಲ್ಲಿ ಕಕಾರ ಮತ್ತು ಓತ್ವದ ಒಂದೇ ಚಿಹ್ನೆಯಾಗಿ ಬರೆಯಬಹುದು. ಕಕಾರ, ಒತ್ವ, ಆಮೇಲೆ ದೀರ್ಘದ ಪ್ರತ್ಯೇಕ ಚಿಹ್ನೆ ಎಂದು ಬಿಡಿಸಿಯೂ ಬರೆಯಬಹುದು. ಎರಡೂ ಶಾಸ್ತ್ರಸಮ್ಮತ, ಎರಡೂ ಪರದೆಯ ಮೇಲೆ ಒಂದೇ ರೂಪ. ಮೊದಲನೆಯದು 6 ಬೈಟು, ಎರಡನೆಯದು 9 ಬೈಟು. ಲುವಾ ಭಾಷೆಯ ಹೋಲಿಕೆಯ ಕ್ರಿಯೆ ಅಕ್ಷರವನ್ನರಿಯದು, ಬೈಟುಗಳನ್ನು ಮಾತ್ರ ಅರಿಯುತ್ತದೆ. ಆದ್ದರಿಂದ ನಿಯಮದಲ್ಲಿ ಒಂದು ರೀತಿಯಾಗಿಯೂ ಕಡತದ ಹೆಸರಿನಲ್ಲಿ ಮತ್ತೊಂದು ರೀತಿಯಾಗಿಯೂ ಬರೆದಿದ್ದರೆ, ಕಣ್ಣಿಗೆ ಅಣುಮಾತ್ರವೂ ಭೇದ ತೋರದ ಎರಡು ಹೆಸರುಗಳು ಯಂತ್ರಕ್ಕೆ ಪರಸ್ಪರ ಅಪರಿಚಿತವಾಗುತ್ತವೆ. ‘ಕೀ’, ‘ಕೇ’ ಮೊದಲಾದ ದೀರ್ಘಾಕ್ಷರಗಳಿಗೂ ಇದೇ ಅವಸ್ಥೆ. ಹಳೆಯ ಫಾಂಟುಗಳಿಂದ ಪರಿವರ್ತನೆಗೊಂಡು ಬಂದ ಹೆಸರುಗಳಲ್ಲಿ ದೀರ್ಘ ಹೀಗೆ ಬಿಡಿಯಾಗಿ ಉಳಿದಿರಬಹುದು. ಒತ್ತಕ್ಷರವಾಗದಂತೆ ತಡೆಯಲು ಬಳಸುವ, ಕಣ್ಣಿಗೆ ಕಾಣದ ಶೂನ್ಯಾಗಲದ ಚಿಹ್ನೆಯೂ ಹೆಸರಿನ ಕೊನೆಯಲ್ಲಿ ಅಡಗಿ ಕುಳಿತಿರುವುದುಂಟು. ಕನ್ನಡದ ಶೀರ್ಷಿಕೆಯನ್ನು ನಿಯಮದಲ್ಲಿ ಬಳಸಲೇಬೇಕಾದವರು ಅದನ್ನು ಕೈಯಿಂದ ಟೈಪು ಮಾಡದೆ, ಎಕ್ಸ್‌ಪ್ರಾಪ್ ತೋರಿಸಿದ ಸಾಲಿನಿಂದಲೇ ನಕಲು ಮಾಡಿಕೊಳ್ಳುವುದು ಕ್ಷೇಮ. ಸಾಧ್ಯವಾದರೆ ದೀರ್ಘವಿಲ್ಲದ ಒಂದು ತುಂಡು ಶಬ್ದವನ್ನು ಆರಿಸಿಕೊಳ್ಳುವುದು ಇನ್ನೂ ಕ್ಷೇಮ.

ಉಳಿದ ಕಷ್ಟಗಳನ್ನು ಬೇಗ ಹೇಳಿ ಮುಗಿಸಬಹುದು. ಪರದೆ ತುಂಬಿರುವ ವಿಂಡೋವಿಗೆ ಹೊಸ ಅಳತೆಯನ್ನು ವಿಧಿಸಿದರೆ ಅದು ಕೇಳುವುದಿಲ್ಲ. ಮೊದಲು ಆ ಸ್ಥಿತಿಯನ್ನು ತೆಗೆದುಹಾಕಿ ಆಮೇಲೆ ಸರಿಸಬೇಕು. ಟರ್ಮಿನಲುಗಳು ತಮ್ಮ ಗಾತ್ರವನ್ನು ಅಕ್ಷರಗಳ ಲೆಕ್ಕದಲ್ಲಿ ಹೆಚ್ಚಿಸುವುದರಿಂದ 960 ಎಂದರೆ ಕೆಲವು ಪಿಕ್ಸೆಲು ಕಡಮೆಯಾಗಿಯೇ ನಿಂತಾವು. ಶೀರ್ಷಿಕೆಯ ಪಟ್ಟಿಯನ್ನು ಕೆಲವಕ್ಕೆ ವಿಂಡೋ ಮ್ಯಾನೇಜರು ತೊಡಿಸುತ್ತದೆ, ಕೆಲವು ತಾವೇ ಬರೆದುಕೊಳ್ಳುತ್ತವೆ. ಆದ್ದರಿಂದ ಲಂಬದ ಲೆಕ್ಕದಲ್ಲಿ ಒಂದು ಪಟ್ಟಿಯಷ್ಟು ವ್ಯತ್ಯಾಸ ಬಂದರೆ ಆಶ್ಚರ್ಯಪಡಬೇಕಾಗಿಲ್ಲ. ಇವೆಲ್ಲಕ್ಕಿಂತ ಕೀಳಾದದ್ದು, ವಿಂಡೋವನ್ನು ಮೊದಲು ಪರದೆಗೆ ತಂದು ತನ್ನ ವರ್ಗದ ಹೆಸರನ್ನು ಆಮೇಲೆ ತಿಳಿಸುವ ಕೆಲವು ತಂತ್ರಾಂಶಗಳ ಅಭ್ಯಾಸ. ಹೆಸರು ಹೇಳದೆ ಒಳಬಂದವನನ್ನು ಯಾವ ನಿಯಮವೂ ಗುರುತಿಸಲಾರದು. ಸಂಹಿತೆ ಇದನ್ನು ಸ್ಪಷ್ಟವಾಗಿ ನಿಷೇಧಿಸುತ್ತದೆ. ಬರೆಯುವವರು ಅದನ್ನು ಓದುವುದಿಲ್ಲ, ಅಷ್ಟೆ.

ಸಲಹೆ ಹೇಳುವ ಕಾರ್ಯಸ್ಥನೇ ಬೇಡ, ಯಜಮಾನನೇ ನಮ್ಮ ಮಾತು ಕೇಳುವವನಾಗಲಿ ಎಂದು ಬಯಸಿದವರು ಕಟ್ಟಿದ ವಿಂಡೋ ಮ್ಯಾನೇಜರುಗಳ ಪಂಥವೊಂದುಂಟು: 2006ರ ಡಿಡಬ್ಲ್ಯೂಎಂ, 2007ರಲ್ಲಿ ಹ್ಯಾಸ್ಕೆಲ್ ಭಾಷೆಯಲ್ಲಿ ಹುಟ್ಟಿದ ಎಕ್ಸ್‌ಮೊನಾಡ್, ಲುವಾದಿಂದ ನಡೆಯುವ ಆಸಮ್, 2009ರಲ್ಲಿ ಮೈಕೆಲ್ ಸ್ಟಾಪೆಲ್‌ಬರ್ಗ್ ಆರಂಭಿಸಿದ ಐ3. ಇವು ವಿಂಡೋಗಳನ್ನು ಒಂದರ ಮೇಲೊಂದು ಹೇರದೆ, ಇದ್ದ ಜಾಗವನ್ನು ಅವುಗಳಿಗೆ ಹಂಚಿಕೊಡುತ್ತವೆ. ಐ3ರ ಸಂರಚನಾ ಕಡತದಲ್ಲಿ ವರ್ಗದ ಹೆಸರನ್ನೂ ವರ್ಕ್‌ಸ್ಪೇಸಿನ ಹೆಸರನ್ನೂ ಒಂದು ಸಾಲಿನಲ್ಲಿ ಬರೆದರೆ ನಿಯಮ ಮುಗಿಯಿತು. ಇನ್ನೂ ಸೂಕ್ಷ್ಮವಾದ ವ್ಯವಸ್ಥೆ ಬೇಕೆನ್ನುವವರು ಅದರ ಸಾಕೆಟ್ಟಿನ ಮೂಲಕ ಯಾವ ಭಾಷೆಯಲ್ಲಿ ಬೇಕಾದರೂ ಸ್ಕ್ರಿಪ್ಟು ಬರೆದು ಅದರೊಡನೆ ಸಂಭಾಷಿಸಬಹುದು. ಪಳಗಿದವರಿಗೆ ಇದಕ್ಕಿಂತ ಮಿಗಿಲಾದ ಸೌಖ್ಯವಿಲ್ಲ. ಪಳಗುವುದಕ್ಕೆ ಮಾತ್ರ ಕೀಲಿಮಣೆಯ ಮೇಲೆ ಶ್ರದ್ಧೆ ಬೇಕು, ತಾಳ್ಮೆ ಬೇಕು.

ಇಷ್ಟು ಹೊತ್ತು ಹೇಳಿದ ಲೋಕವು ಈಗ ಅಸ್ತಮಿಸುತ್ತಿದೆ ಎಂಬುದನ್ನು ಮರೆಮಾಚುವಂತಿಲ್ಲ. ಎಕ್ಸ್ ವ್ಯವಸ್ಥೆಯಲ್ಲಿ ಸ್ಕ್ರಿಪ್ಟಿಗೆ ಇದ್ದ ಸ್ವಾತಂತ್ರ್ಯ ದುಷ್ಟ ಪ್ರೋಗ್ರಾಮಿಗೂ ಇತ್ತು. ಒಂದು ತಂತ್ರಾಂಶ ಮತ್ತೊಂದರ ವಿಂಡೋವನ್ನು ಸರಿಸಬಲ್ಲುದಾದರೆ, ಅದರೊಳಗೆ ಟೈಪು ಮಾಡುತ್ತಿರುವ ಗುಪ್ತಪದವನ್ನೂ ಕದ್ದು ಕೇಳಬಲ್ಲುದು, ಅದರ ಚಿತ್ರವನ್ನೂ ತೆಗೆದುಕೊಳ್ಳಬಲ್ಲುದು. 2008ರಲ್ಲಿ ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ ಆರಂಭಿಸಿದ ವೇಲ್ಯಾಂಡ್ ವ್ಯವಸ್ಥೆಯಲ್ಲಿ ಈ ಬಾಗಿಲುಗಳನ್ನು ಮುಚ್ಚಲಾಗಿದೆ. ಅಲ್ಲಿ ಒಂದು ತಂತ್ರಾಂಶಕ್ಕೆ ನೆರೆಯ ವಿಂಡೋಗಳ ಅಸ್ತಿತ್ವವೇ ತಿಳಿಯದು. ಅಷ್ಟೇಕೆ, ತಾನು ಪರದೆಯ ಯಾವ ಭಾಗದಲ್ಲಿದ್ದೇನೆಂಬುದೂ ತಿಳಿಯದು. ಸರ್ವರು ಮತ್ತು ವಿಂಡೋ ಮ್ಯಾನೇಜರು ಬೇರೆ ಬೇರೆಯಾಗಿದ್ದ ಪೂರ್ವದ ಏರ್ಪಾಡು ಹೋಗಿ, ಎರಡೂ ‘ಕಂಪೋಸಿಟರ್’ ಎಂಬ ಒಂದೇ ಪ್ರೋಗ್ರಾಮಿನಲ್ಲಿ ಲೀನವಾದವು. ಫೆಡೋರಾ ಎಂಬ ಲಿನಕ್ಸ್ ವಿತರಣೆಯು 2016ರಲ್ಲಿ, ತನ್ನ 25ನೆಯ ಆವೃತ್ತಿಯಲ್ಲಿ, ಗ್ನೋಮ್ ಡೆಸ್ಕ್‌ಟಾಪಿಗೆ ವೇಲ್ಯಾಂಡನ್ನೇ ಮೊದಲ ಆಯ್ಕೆಯಾಗಿ ಇಟ್ಟಿತು. 2025ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10ರಿಂದ ಹಳೆಯ ಎಕ್ಸ್ ಸರ್ವರನ್ನೇ ತೆಗೆದುಹಾಕಿದ್ದಾರೆ. ಡಬ್ಲ್ಯೂಎಂಕಂಟ್ರೋಲ್, ಎಕ್ಸ್‌ಡೂಟೂಲ್, ಡೆವಿಲ್ಸ್‌ಪೈ 2 ಇವು ವೇಲ್ಯಾಂಡಿನ ಸ್ವಂತ ವಿಂಡೋಗಳನ್ನು ಕಾಣಲಾರವು. ಹೊಂದಾಣಿಕೆಗಾಗಿ ಉಳಿಸಿಕೊಂಡಿರುವ ಎಕ್ಸ್‌ವೇಲ್ಯಾಂಡಿನೊಳಗಿನ ಹಳೆಯ ತಂತ್ರಾಂಶಗಳಷ್ಟೇ ಅವುಗಳ ಅಳವಿನೊಳಗೆ ಉಳಿಯುತ್ತವೆ.

ರಕ್ಷಣೆಯ ದೃಷ್ಟಿಯಿಂದ ಇದು ಯುಕ್ತವಾದ ನಡೆ. ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಕಳ್ಳನಿಗೆ ಮುಚ್ಚಿದ ಬಾಗಿಲು ಮನೆಯವನಿಗೂ ಮುಚ್ಚಿಹೋಗಬಾರದು. ಬಳಕೆದಾರನ ನಿಯಮಕ್ಕೆ ಹೊಸ ವ್ಯವಸ್ಥೆಯಲ್ಲಿ ಸ್ಥಳವುಂಟೆ ಎಂದರೆ, ಉಂಟು. ಆದರೆ ಒಬ್ಬೊಬ್ಬ ಯಜಮಾನನ ಮನೆಯಲ್ಲಿ ಒಂದೊಂದು ಭಾಷೆ. ಕೆಡಿಇಯ ಕ್ವಿನ್ ಈ ವಿಷಯದಲ್ಲಿ ಎಲ್ಲರಿಗಿಂತ ಉದಾರ. ಶೀರ್ಷಿಕೆಯ ಪಟ್ಟಿಯ ಮೇಲೆ ಬಲಗುಂಡಿ ಒತ್ತಿ ವಿಂಡೋವಿಗೆ ವಿಶೇಷ ನಿಯಮವನ್ನು ಬರೆಯಬಹುದು. ಸ್ಥಳ, ಗಾತ್ರ, ವರ್ಕ್‌ಸ್ಪೇಸು ಮೊದಲಾದವುಗಳಲ್ಲಿ ಪ್ರತಿಯೊಂದಕ್ಕೂ ‘ಆರಂಭದಲ್ಲಿ ಮಾತ್ರ ಅನ್ವಯಿಸು’, ‘ನೆನಪಿಡು’, ‘ಬಲವಂತವಾಗಿ ಹೇರು’ ಎಂಬ ತರತಮಗಳಿವೆ. ಇದು ಸಾಲದೆಂದರೆ ಜಾವಾಸ್ಕ್ರಿಪ್ಟಿನಲ್ಲಿ ಸ್ಕ್ರಿಪ್ಟು ಬರೆದು, ವಿಂಡೋ ಬಂದ ಸುದ್ದಿಗೆ ಕಿವಿಗೊಟ್ಟು, ಅದರ ವರ್ಗವನ್ನು ನೋಡಿ, ಚೌಕಟ್ಟಿನ ಅಳತೆಯನ್ನು ಬದಲಿಸಬಹುದು. ಆ ಸುದ್ದಿಯ ಹೆಸರು 2024ರ ಫೆಬ್ರವರಿಯಲ್ಲಿ ಕೆಡಿಇಯ ಪ್ಲಾಸ್ಮಾ 6 ಬಂದಾಗ ಬದಲಾಯಿತು. ಹಳೆಯ ಸ್ಕ್ರಿಪ್ಟುಗಳನ್ನು ತಿದ್ದಿಕೊಳ್ಳಬೇಕಾಯಿತು. ಐ3ರ ನಡೆನುಡಿಯನ್ನೇ ವೇಲ್ಯಾಂಡಿಗೆ ತಂದ ಸ್ವೇ ಹಳೆಯ ನಿಯಮಗಳನ್ನು ಬಹುಮಟ್ಟಿಗೆ ಹಾಗೆಯೇ ಸ್ವೀಕರಿಸುತ್ತದೆ, ವರ್ಗದ ಹೆಸರಿನ ಜಾಗದಲ್ಲಿ ‘ಆ್ಯಪ್ ಐಡಿ’ಯನ್ನು ಹಾಕಿದರಾಯಿತು. ಗ್ನೋಮಿನಲ್ಲಿ ತಂತ್ರಾಂಶಕ್ಕೊಂದು ವರ್ಕ್‌ಸ್ಪೇಸನ್ನು ಗೊತ್ತುಮಾಡುವ ‘ಆಟೋ ಮೂವ್ ವಿಂಡೋಸ್’ ಎಂಬ ವಿಸ್ತರಣೆ ಉಂಟು. ಅದರ ಆಚೆಗೆ ಹೋಗಬೇಕಾದರೆ ವಿಸ್ತರಣೆಯೊಂದನ್ನು ನಾವೇ ಬರೆಯಬೇಕು. ಹೊರಗಿನ ಸ್ಕ್ರಿಪ್ಟಿನಿಂದ ಗ್ನೋಮ್ ಶೆಲ್ಲಿನೊಳಗೆ ಆಜ್ಞೆ ನಡೆಸುತ್ತಿದ್ದ ಒಂದು ದಾರಿಯನ್ನೂ 41ನೆಯ ಆವೃತ್ತಿಯಿಂದ ಮುಚ್ಚಿದ್ದಾರೆ.

ಸಾಮಾನ್ಯ ಭಾಷೆಯೊಂದನ್ನು ಕಟ್ಟುವ ಯತ್ನ ನಡೆದಿಲ್ಲವೆಂದಲ್ಲ. ತೆರೆದ ವಿಂಡೋಗಳ ಹೆಸರು, ಗುರುತುಗಳ ಪಟ್ಟಿಯನ್ನು ಕೊಡುವ ಒಂದು ಒಡಂಬಡಿಕೆ ವೇಲ್ಯಾಂಡಿನ ಸಂಗ್ರಹಕ್ಕೆ ಸೇರಿದೆ. ಅದು ನೋಡಗೊಡುತ್ತದೆ, ಮುಟ್ಟಗೊಡುವುದಿಲ್ಲ. ಸ್ವೇ ಮುಂತಾದವುಗಳ ಬಳಗದಲ್ಲಿ ಬಳಕೆಯಲ್ಲಿರುವ ಇನ್ನೊಂದು ಒಡಂಬಡಿಕೆ ವಿಂಡೋವನ್ನು ಮುಂದಕ್ಕೆ ತರುವುದು, ಹಿಗ್ಗಿಸುವುದು, ಮುಚ್ಚುವುದು ಮೊದಲಾದವನ್ನು ಅನುಮತಿಸುತ್ತದೆ. ಇಂಥ ಬಿಂದುವಿನಲ್ಲಿ ಕೂರಿಸು ಎಂಬ ಮಾತಿಗೆ ಅದರಲ್ಲಿಯೂ ಅವಕಾಶವಿಲ್ಲ, ಗ್ನೋಮ್ ಅದನ್ನು ಸ್ವೀಕರಿಸಿಯೂ ಇಲ್ಲ. ಬಳಕೆದಾರನು ಸ್ಪಷ್ಟವಾಗಿ ಅನುಮತಿ ಕೊಟ್ಟ ಒಂದು ಸ್ಕ್ರಿಪ್ಟಿಗೆ ವಿಂಡೋಗಳ ಸ್ಥಾನವನ್ನು ನಿರ್ಣಯಿಸುವ ಹಕ್ಕನ್ನು ಕೊಡುವುದರಿಂದ ರಕ್ಷಣೆಗೆ ಭಂಗ ಬರುವುದಿಲ್ಲ. ಪರದೆಯ ಚಿತ್ರವನ್ನು ಹಂಚಿಕೊಳ್ಳುವಂಥ ಇದಕ್ಕಿಂತ ಅಪಾಯಕರವಾದ ಕಾರ್ಯಕ್ಕೂ ಬಳಕೆದಾರನನ್ನು ಕೇಳಿ ಒಪ್ಪಿಗೆ ಪಡೆಯುವ ಕ್ರಮ ಇಂದಿನ ಡೆಸ್ಕ್‌ಟಾಪುಗಳಲ್ಲಿ ನೆಲೆಗೊಂಡಿದೆ. ಅದೇ ಕ್ರಮವನ್ನು ಇದಕ್ಕೂ ವಿಸ್ತರಿಸದಿರುವುದು ತಪ್ಪೆಂದೇ ನನ್ನ ಅಭಿಪ್ರಾಯ.

ಈ ಲೇಖನವನ್ನು ಓದಿ ಆಸಕ್ತಿ ಹುಟ್ಟಿದವರು ಮೊದಲು ಯಾವ ವ್ಯವಸ್ಥೆಯೊಳಗೆ ತಾವಿದ್ದೇವೆಂಬುದನ್ನು ತಿಳಿದುಕೊಳ್ಳಲಿ. ಲಾಗಿನ್ ಪರದೆಯ ಮೂಲೆಯಲ್ಲಿರುವ ಗಾಲಿಯ ಚಿಹ್ನೆಯನ್ನೋ, ಸಿಸ್ಟಂ ಮಾಹಿತಿಯ ಪುಟವನ್ನೋ ನೋಡಿದರೆ ಎಕ್ಸ್ ಅಥವಾ ವೇಲ್ಯಾಂಡ್ ಎಂಬುದು ತಿಳಿಯುತ್ತದೆ. ಆಮೇಲೆ ದಿನವೂ ಕೈಯಿಂದ ಸರಿಸುವ ಒಂದೇ ಒಂದು ವಿಂಡೋವನ್ನು ಆರಿಸಿಕೊಂಡು ಅದಕ್ಕೊಂದು ನಿಯಮ ಬರೆಯಲಿ. ಅದು ನಿಂತ ಮೇಲೆ ಎರಡನೆಯದನ್ನು ಬರೆಯಬಹುದು. ತಮ್ಮ ಡೆಸ್ಕ್‌ಟಾಪು ಅದಕ್ಕೆ ಅವಕಾಶ ಕೊಡದಿದ್ದರೆ ಸುಮ್ಮನಾಗದೆ, ಅದನ್ನು ಕಟ್ಟುವವರಿಗೆ ಇಂಥ ಸೌಕರ್ಯ ಬೇಕೆಂದು ಬರೆದು ತಿಳಿಸಲಿ. ಕನ್ನಡದ ಶೀರ್ಷಿಕೆ ಹೋಲದೆಹೋದ ಪ್ರಸಂಗವಿದ್ದರೆ ಅದನ್ನೂ ಉದಾಹರಣೆ ಸಹಿತ ತಿಳಿಸಲಿ. ಅವರಲ್ಲಿ ಕನ್ನಡ ಓದಬಲ್ಲವರು ಅಪರೂಪ. ನಾವು ಹೇಳದಿದ್ದರೆ ಅವರಿಗೆ ತಿಳಿಯುವ ಸಂಭವವಿಲ್ಲ.